ಸೂರಿನ ನೀರು, ಒಂದು ಮೊಬೈಲು

ಜುಲೈ ತಿಂಗಳು. ಮಲೆನಾಡಿನ ಸಾಗರದ ಕಡೆ ಮಳೆ ಹಿಡಿದರೆ ಬೇಗ ಬಿಡುವುದಿಲ್ಲ. ಅವತ್ತು ಎಂಟನೇ ಕ್ಲಾಸಿಗೆ ಕೊನೆಯ ಪೀರಿಯಡ್ ಆಟದ್ದು, ಮೈದಾನದ ತುಂಬಾ ನೀರು. "ಸುಮ್ನೆ ಓದ್ಕೊಳ್ಳಿ" ಅಂತ ಹೇಳಿ ಕೂರಬಹುದಿತ್ತು. ಆಟ ತಪ್ಪಿದ ಮಕ್ಕಳ ಮುಖ ನೋಡಿ ಮನಸ್ಸು ಬರಲಿಲ್ಲ. ಜೇಬಿನಿಂದ ಮೊಬೈಲು ತೆಗೆದೆ.

ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಕಿಟಕಿ ಪಕ್ಕದ ಬೆಂಚಿನ ಮೇಲೆ ಫೋನನ್ನು ಅಂಗಾತ ಇಟ್ಟೆ. ಒಬ್ಬ ಹುಡುಗ ಕೈ ಹೊರಗೆ ಚಾಚಿ, ಸೂರಿನಿಂದ ಇಳಿಯುತ್ತಿದ್ದ ನೀರನ್ನು ಬೆರಳ ತುದಿಗೆ ಹಿಡಿದ. ಒಂದೇ ಹನಿ, ಸರಿಯಾಗಿ ಕ್ಯಾಮೆರಾದ ಕಣ್ಣಿನ ಮೇಲೆ. ಉಬ್ಬಿದ ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ. 1674ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಕೆರೆ ನೀರಿನ ಜೀವಿಗಳನ್ನು ಕಂಡಿದ್ದೂ ಇಂಥದ್ದೇ ಪುಟಾಣಿ ಮಸೂರ ಒಂದರಲ್ಲಿ.

ಹಳೇ ಪೇಪರಿನಲ್ಲಿದ್ದ ಗದ್ದೆಯ ಬಣ್ಣದ ಫೋಟೋದಿಂದ ಒಂದು ಚೂರು ಹರಿದು, ಹನಿಗೆ ತಾಗದ ಹಾಗೆ ಮೇಲೆ ಹಿಡಿದೆ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ತಟ್ಟನೆ ಪರದೆ ತುಂಬಾ ಚುಕ್ಕೆಗಳು.

"ಸರ್, ಹಸಿರು ಎಲ್ಲಿ ಹೋಯ್ತು?"

ಮುಂದೆ ಬಗ್ಗಿ ನೋಡುತ್ತಿದ್ದ ಹುಡುಗಿ ಕೇಳಿದಳು. ಹಸಿರು ಶಾಯಿ ಅಲ್ಲಿ ಇರಲೇ ಇಲ್ಲ. ನೀಲಿ, ಹಳದಿ ಚುಕ್ಕೆಗಳು ಪಕ್ಕಪಕ್ಕ ಕೂತು, ಒಂದರ ಮೇಲೊಂದು ಬಿದ್ದು ಗದ್ದೆ ಆಗಿದ್ದವು. ಪೇಪರಿಗೆ ಬಳಸುವುದು ನಾಲ್ಕೇ ಶಾಯಿ: ನೀಲಿ, ಗುಲಾಬಿ, ಹಳದಿ, ಕಪ್ಪು. ಮಕ್ಕಳು ಮುಖ್ಯಮಂತ್ರಿಯ ಮುಖ, ಸೀರೆ ಜಾಹೀರಾತು, ಕ್ರಿಕೆಟ್ ಬ್ಯಾಟು, ಎಲ್ಲವನ್ನೂ ಹರಿದು ತಂದರು. ಎಲ್ಲಾ ಕಡೆ ಅದೇ ನಾಲ್ಕು.

ಆಮೇಲೆ ಆದದ್ದು ನಾನು ಯೋಚಿಸಿಯೇ ಇರಲಿಲ್ಲ. ಯಾರದೋ ಒದ್ದೆ ಕೈಯಿಂದ ಪರದೆಯ ಮೇಲೆ ನೀರು ಸಿಡಿಯಿತು. ಒರೆಸಲು ಹೋದೆ. ಅದೇ ಹುಡುಗಿ ಕೈ ಅಡ್ಡ ಹಿಡಿದಳು. "ತಡೀರಿ ಸರ್, ಇಲ್ಲೂ ಚುಕ್ಕೆ!" ಬಿಳಿ ಪರದೆಯ ಮೇಲಿನ ಸಣ್ಣ ಹನಿಯೊಳಗೆ ಕೆಂಪು, ಹಸಿರು, ನೀಲಿ. ಪೇಪರಿನ ಶಾಯಿಗಳಲ್ಲಿ ಇಲ್ಲದ ಹಸಿರು ಇಲ್ಲಿತ್ತು. ಶಾಯಿ ಬೆರೆತಷ್ಟೂ ಕಪ್ಪಾಗುತ್ತದೆ, ಬೆಳಕು ಬೆರೆತರೆ ಬಿಳಿಯಾಗುತ್ತದೆ. ಬೋರ್ಡಿನ ಮೇಲೆ ಬರೆದು ಎಷ್ಟೋ ಸಲ ಹೇಳಿದ್ದೆ. ಅವತ್ತು ಅವರೇ ಕಂಡರು.

ಒಂದೇ ಫೋನು ಇದ್ದದ್ದೂ ಒಳ್ಳೆಯದೇ ಆಯಿತು. ಎಲ್ಲರ ತಲೆ ಒಂದೇ ಕಡೆ, ಮಾತು ಒಂದೇ ವಿಷಯದ್ದು. ಬೆಲ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಆ ಹುಡುಗಿ, ಕೊಡೆ ಮಡಚದೆ ನಿಂತಿದ್ದಳು.

"ನಮ್ಮನೆ ಟಿವಿಲೂ ಮೂರೇ ಸರ್. ಅಜ್ಜಿಗೂ ತೋರಿಸ್ದೆ."