ಸೆಂಬುಂಗನ್: ಜಾವಾದ ನೆತ್ತಿಯ ಮೇಲಿನ ಆಲೂಗಡ್ಡೆ ಊರಿಗೆ ಹೋಗುವವರಿಗೆ

ಸೆಂಬುಂಗನ್‌ಗೆ ಬರುವ ಹೆಚ್ಚಿನವರು ನಸುಕಿನ ನಾಲ್ಕಕ್ಕೆ ವ್ಯಾನಿನಿಂದ ಇಳಿದು, ಸಿಕುನಿರ್ ಗುಡ್ಡ ಹತ್ತಿ, ಸೂರ್ಯೋದಯ ನೋಡಿ, ಎಂಟು ಗಂಟೆಯೊಳಗೆ ಜಾಗ ಖಾಲಿ ಮಾಡುತ್ತಾರೆ. ಊರು ತನ್ನ ಪಾಡಿಗೆ ತಾನು ಕಾಣಿಸುವುದು ಅವರೆಲ್ಲ ಹೋದ ಮೇಲೆ. ಹಾಗಾಗಿ ಇಲ್ಲಿ ಎರಡು ರಾತ್ರಿ ಉಳಿಯಿರಿ. ಒಂದೇ ರಾತ್ರಿ ಯಾಕೆ ಸಾಲದು ಎಂಬುದಕ್ಕೆ ಮುಂದೆ ಕಾರಣವಿದೆ.

ಊರು ಇರುವುದು ಮಧ್ಯ ಜಾವಾದ ವೊನೊಸೊಬೊ ಜಿಲ್ಲೆಯಲ್ಲಿ, ಡಿಯೆಂಗ್ ಪ್ರಸ್ಥಭೂಮಿಯ ಅಂಚಿನಲ್ಲಿ. ಎತ್ತರ ಸುಮಾರು 2,300 ಮೀಟರ್. ಜಾವಾದ ಅತಿ ಎತ್ತರದ ಹಳ್ಳಿ ತಮ್ಮದೇ ಎಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊರ ಪಕ್ಕದಲ್ಲೇ ಚೆಬೊಂಗ್ ಕೆರೆ. ಚೆಬೊಂಗ್ ಎಂದರೆ ಗೊದಮೊಟ್ಟೆ. ಗುಡ್ಡದ ಮೇಲಿಂದ ನೋಡಿದರೆ ಹೆಸರು ಯಾಕೆ ಬಂತೆಂದು ತಿಳಿಯುತ್ತದೆ.

ಬೆಂಗಳೂರಿನಿಂದ ಹೊರಡುವವರು ಕ್ವಾಲಾಲಂಪುರ, ಸಿಂಗಾಪುರ ಅಥವಾ ಜಕಾರ್ತಾದಲ್ಲಿ ವಿಮಾನ ಬದಲಿಸಿ ಯೋಗ್ಯಕಾರ್ತಾಕ್ಕೆ ಬರುವುದು ಸುಲಭ. ಅಲ್ಲಿಂದ ಮಾಗೆಲಾಂಗ್ ಮಾರ್ಗವಾಗಿ ವೊನೊಸೊಬೊ ಪಟ್ಟಣಕ್ಕೆ ಮೂರರಿಂದ ನಾಲ್ಕು ಗಂಟೆ. ವೊನೊಸೊಬೊದಿಂದ ಡಿಯೆಂಗ್‌ಗೆ ಸುಮಾರು 26 ಕಿ.ಮೀ. ಏರುದಾರಿ, ಮಿನಿಬಸ್ಸುಗಳಿವೆ. ಸಂಜೆಯಾಗುತ್ತಿದ್ದಂತೆ ಇವು ವಿರಳವಾಗುತ್ತವೆ, ಮಧ್ಯಾಹ್ನದ ಮೇಲೆ ಮಂಜೂ ಇಳಿಯುತ್ತದೆ. ಮೂರು ಗಂಟೆಯೊಳಗೆ ವೊನೊಸೊಬೊ ಬಿಡುವಂತೆ ಲೆಕ್ಕ ಹಾಕಿ. ಡಿಯೆಂಗ್‌ನಿಂದ ಸೆಂಬುಂಗನ್‌ಗೆ ಉಳಿದ ಏಳೆಂಟು ಕಿ.ಮೀ.ಗೆ ಓಜೆಕ್, ಅಂದರೆ ಬೈಕ್ ಟ್ಯಾಕ್ಸಿ, ಹಿಡಿಯಬೇಕು. ಬೇಕಾದಷ್ಟು ನಗದನ್ನು ವೊನೊಸೊಬೊದಲ್ಲೇ ತೆಗೆದಿಟ್ಟುಕೊಳ್ಳಿ. ಪ್ರತಿ ಕೆರೆಗೂ ಗುಡ್ಡಕ್ಕೂ ಬೇರೆ ಬೇರೆ ಟಿಕೆಟ್ಟು, ಅದಕ್ಕೆಲ್ಲ ಸಣ್ಣ ನೋಟುಗಳೇ ಬೇಕಾಗುತ್ತವೆ.

ಯೋಗ್ಯಕಾರ್ತಾದಿಂದಲೇ ಸ್ಕೂಟರ್ ಬಾಡಿಗೆ ಹಿಡಿದು ಬರುವ ಹುಮ್ಮಸ್ಸಿನವರು ಒಂದು ವಿಷಯ ಗಮನಿಸಿ. ಗೇರಿಲ್ಲದ ಸ್ಕೂಟರನ್ನು ಇಳಿಜಾರಿನಲ್ಲಿ ಎಂಜಿನ್ ಅಷ್ಟಾಗಿ ಹಿಡಿದು ನಿಲ್ಲಿಸುವುದಿಲ್ಲ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ನಡುನಡುವೆ ನಿಲ್ಲಿಸಿ ಆರಲು ಬಿಡಬೇಕು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದಿದ್ದರೆ ಪ್ರವಾಸ ವಿಮೆ ಕೈಕೊಡಬಹುದು.

ಯಾವಾಗ ಹೋಗಬೇಕು? ಮಳೆ ಸುಮಾರಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ಆಗ ಗುಡ್ಡ ಹತ್ತಿದರೂ ಕಾಣುವುದು ಬಿಳಿ ಮಂಜಷ್ಟೇ. ಆಕಾಶ ತಿಳಿಯಾಗಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಚಳಿ ಕಚ್ಚುವುದೂ ಆಗಲೇ. ಜುಲೈ, ಆಗಸ್ಟ್‌ನ ಕೆಲವು ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗೆ ಇಳಿದು ಇಬ್ಬನಿ ಹೆಪ್ಪುಗಟ್ಟುತ್ತದೆ. ಪ್ರವಾಸಿಗರಿಗೆ ಅದು ಫೋಟೋ, ರೈತರಿಗೆ ‘ಎಂಬುನ್ ಉಪಾಸ್’, ಅಂದರೆ ವಿಷದ ಇಬ್ಬನಿ. ಒಂದೇ ರಾತ್ರಿಗೆ ಆಲೂಗಡ್ಡೆಯ ಎಲೆ ಸುಟ್ಟಂತೆ ಕಪ್ಪಾಗುತ್ತದೆ. ಅಂಥ ಬೆಳಗ್ಗೆ ಹೊಲದವರ ಎದುರು ಸಂಭ್ರಮಿಸದಿರುವುದು ಮರ್ಯಾದೆ.

ಎರಡು ರಾತ್ರಿ ಬೇಕಾಗುವುದು ಈ ಇಬ್ಬನಿಯಿಂದಲೇ. ಮೋಡವೂ ಗಾಳಿಯೂ ಇಲ್ಲದ ರಾತ್ರಿ ನೆಲದ ಕಾವು ನೇರ ಆಕಾಶಕ್ಕೆ ಸೋರಿಹೋಗುತ್ತದೆ. ತಣ್ಣನೆ ಗಾಳಿ ಭಾರವಾಗಿ ತಗ್ಗಿಗೆ ಇಳಿದು ಅಲ್ಲೇ ಕೂರುತ್ತದೆ. ಆದ್ದರಿಂದ ಇಬ್ಬನಿ ಚೆನ್ನಾಗಿ ಹೆಪ್ಪುಗಟ್ಟುವುದು ಗುಡ್ಡದ ತುದಿಯಲ್ಲಲ್ಲ, ಡಿಯೆಂಗ್‌ನ ಬೋಗುಣಿಯಂಥ ತಗ್ಗಿನಲ್ಲಿ, ಅರ್ಜುನ ದೇಗುಲಗಳ ಸುತ್ತಲಿನ ಹುಲ್ಲಿನ ಮೇಲೆ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆಲ್ಲ ಕರಗುತ್ತದೆ. ಗುಡ್ಡದ ಸೂರ್ಯೋದಯ, ತಗ್ಗಿನ ಇಬ್ಬನಿ ಎರಡೂ ಒಂದೇ ಬೆಳಗ್ಗೆ ಸಿಗುವುದು ಕಷ್ಟ.

ಸಿಕುನಿರ್ ಹತ್ತಲು ಕೆರೆಯ ಬಳಿಯ ಪಾರ್ಕಿಂಗ್‌ನಿಂದ ಮೂವತ್ತು–ನಲವತ್ತು ನಿಮಿಷ ಸಾಕು, ಮೆಟ್ಟಿಲುಗಳಿವೆ. ಎತ್ತರದಿಂದಾಗಿ ಬೇಗ ಏದುಸಿರು ಬರುತ್ತದೆ, ನಿಧಾನ ಹತ್ತಿ. ಶನಿವಾರ–ಭಾನುವಾರ ಮೆಟ್ಟಿಲ ಮೇಲೆ ಜನ ಸಾಲುಗಟ್ಟುವುದರಿಂದ ಅದೇ ದಾರಿಗೆ ದುಪ್ಪಟ್ಟು ಹೊತ್ತು ಹಿಡಿಯಬಹುದು. ತುದಿಯಲ್ಲಿ ನಿಂತರೆ ಎದುರಿಗೆ ಸಿಂಡೊರೊ ಪರ್ವತ, ಅದರ ಹಿಂದೆ ಸುಂಬಿಂಗ್, ದೂರದಲ್ಲಿ ಮೆರ್ಬಾಬು, ಮೆರಾಪಿ. ತಲೆಗೆ ಕಟ್ಟುವ ಟಾರ್ಚು, ಕೈಗವಸು, ಗಾಳಿ ತಡೆಯುವ ಜಾಕೆಟ್ಟು ಇರಲಿ. ಹೋಂಸ್ಟೇಗಳಲ್ಲಿ ಹೀಟರ್ ಇರುವುದಿಲ್ಲವೆಂದೇ ಲೆಕ್ಕ ಹಾಕಿ, ಕೋಣೆ ಗೊತ್ತುಮಾಡುವಾಗ ಬಿಸಿನೀರು, ಹೆಚ್ಚುವರಿ ಕಂಬಳಿ ಎರಡನ್ನೂ ಕೇಳಿ. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ನಡೆಯುವ ಡಿಯೆಂಗ್ ಸಾಂಸ್ಕೃತಿಕ ಉತ್ಸವದ ದಿನಗಳಲ್ಲಿ ಮೊದಲೇ ಕಾದಿರಿಸದಿದ್ದರೆ ಕೋಣೆ ಸಿಗುವುದಿಲ್ಲ.

ಇಳಿದು ತಿಂಡಿ ತಿಂದ ಮೇಲೆ ಹೊಲಗಳ ನಡುವೆ ನಡೆಯಿರಿ. ಕಣ್ಣು ಹಾಯಿಸಿದಷ್ಟೂ ಆಲೂಗಡ್ಡೆ, ನಡುವೆ ಎಲೆಕೋಸು, ಕ್ಯಾರೆಟ್. ಮುಖ್ಯ ತಳಿ ಗ್ರಾನೊಲಾ, ಮೂರರಿಂದ ನಾಲ್ಕು ತಿಂಗಳ ಬೆಳೆ. ಒಣಗಾಲದಲ್ಲಿ ಕೆರೆಯಿಂದ ಪಂಪು ಹಚ್ಚಿ ಪೈಪಿನಲ್ಲಿ ನೀರು ಏರಿಸುತ್ತಾರೆ. ಗಾಳಿಯಲ್ಲಿ ತೇಲುವ ಘಾಟು ಗಂಧಕದ್ದಲ್ಲ, ಕೋಳಿ ಗೊಬ್ಬರದ್ದು. ಹಾಸನದ ಕಡೆ ಆಲೂಗಡ್ಡೆ ಬೆಳೆದವರಿಗೆ ಒಂದು ವಿಷಯ ತಟ್ಟನೆ ಕಾಣುತ್ತದೆ: ಎಷ್ಟೋ ಹೊಲಗಳಲ್ಲಿ ಏರುಮಡಿಗಳು ಇಳಿಜಾರಿಗೆ ಅಡ್ಡವಾಗಿಲ್ಲ, ಇಳಿಜಾರಿನ ದಿಕ್ಕಿನಲ್ಲೇ ಇವೆ. ಅಡ್ಡ ಮಡಿ ಮಾಡಿದರೆ ನೀರು ನಿಂತು ಗೆಡ್ಡೆ ಕೊಳೆಯುತ್ತದೆ, ಅಂಗಮಾರಿ ರೋಗವೂ ಹೆಚ್ಚುತ್ತದೆ ಎಂಬ ಭಯ. ಆದರೆ ಹೀಗೆ ಮಾಡಿದ್ದಕ್ಕೆ ಮಳೆಗಾಲದಲ್ಲಿ ಮಣ್ಣೇ ಕೊಚ್ಚಿಕೊಂಡು ಸೆರಾಯು ನದಿ ಸೇರುತ್ತದೆ, ಕೆಳಗಿನ ಮ್ರಿಚಾ ಜಲಾಶಯದಲ್ಲಿ ಹೂಳಾಗಿ ಕೂರುತ್ತದೆ. ಬೆಟ್ಟದ ತುದಿಯವರೆಗೂ ಹೊಲವಾದ ಈ ನೋಟ ಹಸಿರಾಗಿ ಕಂಡರೂ ಕಾಡು ಕಳೆದುಕೊಂಡ ನೋಟ. ಮಡಿಯ ಮೇಲೆ ಕಾಲಿಡಬೇಡಿ, ಔಷಧಿ ಹೊಡೆಯುತ್ತಿದ್ದರೆ ಗಾಳಿ ಅದನ್ನು ಹೊತ್ತು ತರುವ ಕಡೆ ನಿಲ್ಲಬೇಡಿ.

ಡಿಯೆಂಗ್‌ನ ದೇಗುಲಗಳು ಶೈವ ಪರಂಪರೆಯವು, ಜಾವಾದಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡಗಳ ಸಾಲಿಗೆ ಸೇರಿದವು. 19ನೇ ಶತಮಾನದಲ್ಲಿ ಇವು ನೀರು ನಿಂತ ಬಯಲಿನಲ್ಲಿದ್ದವು. 1856ರಲ್ಲಿ ನೀರು ಬಸಿದು ಹೊರತೆಗೆದರು. ಅರ್ಜುನ, ಭೀಮ, ಘಟೋತ್ಕಚ ಎಂಬ ಹೆಸರುಗಳು ನಂತರ ಜನ ಇಟ್ಟವು. ಪುಂತದೇವ ಎಂದರೆ ಧರ್ಮರಾಯ, ಸೆಂಬದ್ರಾ ಎಂದರೆ ಸುಭದ್ರೆ. ನಮ್ಮ ಶಿಖಂಡಿ ಇಲ್ಲಿ ಶ್ರೀಕಾಂಡಿ, ಅರ್ಜುನನ ಬಿಲ್ಲುಗಾರ್ತಿ ಹೆಂಡತಿ! ಸೆಮಾರ್ ಹೆಸರಿನ ದೇಗುಲವೂ ಇದೆ; ಅವನು ಯಾರೆಂದು ಮಹಾಭಾರತದಲ್ಲಿ ಹುಡುಕಬೇಡಿ, ಅವನು ಅಪ್ಪಟ ಜಾವಾದವನು.

ಸಿಕಿದಾಂಗ್ ಜ್ವಾಲಾಮುಖಿ ಕುಳಿಯಲ್ಲಿ ಹಾಕಿರುವ ನಡೆದಾರಿ ಬಿಟ್ಟು ಇಳಿಯಬೇಡಿ. ಕುದಿಯುವ ಬಾಯಿ ಜಾಗ ಬದಲಿಸುತ್ತಿರುತ್ತದೆ, ಕಿದಾಂಗ್ ಎಂದರೆ ಜಿಂಕೆ, ಅದರಂತೆಯೇ ನೆಗೆಯುತ್ತದೆ. ಅದಕ್ಕಿಂತ ಅಪಾಯ ಕಾಣದ ಅನಿಲದ್ದು. 1979ರ ಫೆಬ್ರವರಿ 20ರಂದು ಸಿನಿಲಾ ಕುಳಿಯ ಸ್ಫೋಟದ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಹರಿದು, ಓಡಿಹೋಗುತ್ತಿದ್ದ ಊರವರೂ ಸೇರಿ 149 ಜನ ಸತ್ತರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಗಂಧಕದ ವಾಸನೆ ಇಲ್ಲವೆಂದು ಧೈರ್ಯ ತಂದುಕೊಳ್ಳಬೇಡಿ. ಗಾಳಿಯಾಡದ ಹೊತ್ತಿನಲ್ಲಿ ಕುಳಿಗಳ ಹತ್ತಿರದ ಹಳ್ಳಕೊಳ್ಳಕ್ಕೆ ಇಳಿಯಬೇಡಿ. ಹೊರಡುವ ಮುನ್ನ ಸರ್ಕಾರದ ಮಾಗ್ಮಾ ಇಂಡೊನೇಷ್ಯಾ ಆ್ಯಪ್‌ನಲ್ಲಿ ಡಿಯೆಂಗ್‌ನ ಎಚ್ಚರಿಕೆ ಮಟ್ಟ ನೋಡಿಕೊಳ್ಳಿ.

ಸಸ್ಯಾಹಾರಿಗಳು ಇಲ್ಲಿನ ಹೆಸರಾಂತ ಮಿ ಓಂಗ್‌ಲೋಕ್ ಬಗ್ಗೆ ಎಚ್ಚರ ವಹಿಸಿ. ನೋಡಲು ನೂಡಲ್ಸು, ಎಲೆಕೋಸು, ಗಟ್ಟಿ ಗೊಜ್ಜು ಅಷ್ಟೇ. ಆದರೆ ಗೊಜ್ಜಿನಲ್ಲಿ ಒಣ ಸಿಗಡಿ ಇರುತ್ತದೆ, ಜೊತೆಗೆ ಕೊಡುವ ಕಡ್ಡಿಗೆ ಚುಚ್ಚಿದ ತುಂಡು ಸಾಮಾನ್ಯವಾಗಿ ದನದ ಮಾಂಸ. ‘ತನ್ಪಾ ದಾಗಿಂಗ್, ತನ್ಪಾ ಏಬಿ’ (ಮಾಂಸ ಬೇಡ, ಒಣ ಸಿಗಡಿ ಬೇಡ) ಎಂದು ಮೊದಲೇ ಹೇಳಿ, ಗೊಜ್ಜು ಆಗಲೇ ಕುದಿಸಿಟ್ಟಿದ್ದರೆ ಬಿಟ್ಟುಬಿಡಿ. ತೆಂಪೆ ಕೆಮುಲ್ ಬಿಸಿಬಿಸಿ ಸಿಕ್ಕರೆ ಬಜ್ಜಿಯ ಚಪಲ ತೀರುತ್ತದೆ: ಹುದುಗಿಸಿದ ಸೋಯಾ ಬಿಲ್ಲೆಯನ್ನು ಅರಿಶಿನ ಹಾಕಿದ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಜೊತೆಗೆ ಹುರಿದ ಆಲೂಗಡ್ಡೆ ಎಲ್ಲೆಡೆ ಇದೆ.

ಊರಿಗೆ ತರಲು ಕರಿಕಾ ಕೊಳ್ಳಿ. ದಕ್ಷಿಣ ಅಮೆರಿಕದ ಆಂಡಿಸ್‌ನಿಂದ ಬಂದ ಪುಟ್ಟ ಗುಡ್ಡದ ಪಪ್ಪಾಯಿ ಇದು; ಹಣ್ಣನ್ನು ಸಕ್ಕರೆ ಪಾಕದಲ್ಲಿ ಹಾಕಿ ಪ್ಲಾಸ್ಟಿಕ್ ಕಪ್‌ಗಳಲ್ಲಿ, ಬಾಟಲಿಗಳಲ್ಲಿ ಮಾರುತ್ತಾರೆ. ಪಾಕವಿರುವುದರಿಂದ ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟು ಲಗೇಜಿಗೆ ಹಾಕಿ.