ಭಾಗ 2 ಯಾವಾಗ ಎಂದು ಕೇಳುವವರಿಗೆ

ಗೇಮ್ ತಯಾರಿಸುವ ಕೆಲಸದಲ್ಲಿದ್ದೇನೆ ಎಂದು ತಿಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಇರುವ ಗೇಮನ್ನೇ ಬೆಳೆಸುತ್ತಾ ಹೋಗಬೇಕೋ, ಅದನ್ನು ಅಲ್ಲಿಗೆ ಬಿಟ್ಟು ಎರಡನೇ ಭಾಗ ಮಾಡಬೇಕೋ? ಮದುವೆ ಊಟದ ಪಂಕ್ತಿಯಲ್ಲಿ ಕುಳಿತೂ ಇದಕ್ಕೆ ಉತ್ತರಿಸಿದ್ದೇನೆ. ಇನ್ನು ಬಾಯಿಬಿಟ್ಟು ಹೇಳಲಾರೆ, ಇದನ್ನೇ ಓದಿಕೊಳ್ಳಿ.

ಗೇಮಿನ ಮೂಲ ನಿಯಮಗಳು ಹೊಸದನ್ನು ತಾಳಿಕೊಳ್ಳುವಂತಿದ್ದರೆ ಬೆಳೆಸಿ. ನೀವು ಮಾಡಹೊರಟದ್ದು ಆ ನಿಯಮಗಳಿಗೇ ಒಗ್ಗದಿದ್ದರೆ ಬೇರೆಯದನ್ನು ಮಾಡಿ. ಉತ್ತರ ಇಷ್ಟೇ, ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ.

ಕಾಲೇಜೊಂದರ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಮೇಡಂ, ಹೊಸದೇನೂ ಹೊಳೆಯದವರು ತಾನೇ ಹಳೆಯದಕ್ಕೆ ತೇಪೆ ಹಾಕುತ್ತಾ ಕೂರುವುದು?" ಎಂದ. ಸಭೆಯೆಲ್ಲ ನಕ್ಕಿತು. ನನಗೆ ಮೈ ಉರಿಯಿತು. ಏಜ್ ಆಫ್ ಎಂಪೈರ್ಸ್ 2 ಆಡಿದ್ದೀಯಾ ಎಂದೆ. ಹಿಂದಿನ ರಾತ್ರಿಯೂ ಆಡಿದ್ದನಂತೆ!

ಅದು ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯೊಡನೆ ಕಾದಾಡುವ 1999ರ ಗೇಮ್. ಅದರ ಮೂರನೇ ಭಾಗ 2005ರಲ್ಲಿ, ನಾಲ್ಕನೆಯದು 2021ರಲ್ಲಿ ಬಂತು. ಮೂಲ ತಂಡವಾದ ಎನ್ಸೆಂಬಲ್ ಸ್ಟುಡಿಯೋಸ್ 2009ರಲ್ಲೇ ಬಾಗಿಲು ಮುಚ್ಚಿತು. ಆಮೇಲೆ ಎರಡನೇ ಭಾಗಕ್ಕೆ ಜೀವ ತುಂಬಿದವರು ಆಟಗಾರರು. ಅವರು ಹವ್ಯಾಸಕ್ಕಾಗಿ ಸೇರಿಸಿದ ನಾಗರಿಕತೆಗಳೇ, ಅಂದರೆ ಆರಿಸಿಕೊಂಡು ಆಡುವ ಜನಾಂಗಗಳೇ, 2013ರಲ್ಲಿ 'ದಿ ಫರ್ಗಾಟನ್' ಎಂಬ ಅಧಿಕೃತ ವಿಸ್ತರಣೆಯಾದವು. ವಿಸ್ತರಣೆ ಎಂದರೆ ಹಳೆಯ ಗೇಮಿಗೇ ಸೇರಿಸಿಕೊಂಡು ಆಡುವ ಹೆಚ್ಚುವರಿ ಕಂತು. ಆಗ ಇಡೀ ಭಾರತಕ್ಕೆ ಸಿಕ್ಕಿದ್ದು ಒಂದೇ ನಾಗರಿಕತೆ. 2022ರ 'ಡೈನಾಸ್ಟೀಸ್ ಆಫ್ ಇಂಡಿಯಾ' ಅದನ್ನು ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಎಂದು ಬೇರೆ ಬೇರೆ ಮಾಡಿತು.

ದ್ರಾವಿಡರನ್ನು ಆರಿಸಿಕೊಂಡು ನೋಡಿ. ಲಾಯದಲ್ಲಿ ನೈಟ್ ಎಂಬ ಕವಚಧಾರಿ ಕುದುರೆ ಸವಾರರೇ ಇಲ್ಲ. ಬಲವೆಲ್ಲ ಕಾಲಾಳುಗಳದ್ದು. ಊಟ್ಜ್ ಉಕ್ಕಿನ ವಿದ್ಯೆ ಕೈಗೆ ಬಂದಮೇಲೆ ಅವರ ಏಟನ್ನು ಎದುರಾಳಿಯ ಕವಚ ತಡೆಯಲಾರದು. ಕೋಟೆಯಿಂದ ಬರುವ ಉರುಮಿ ಯೋಧ ಬಳುಕುವ ಕತ್ತಿಯನ್ನು ಮೊದಲ ಸಲ ಬೀಸಿದಾಗ ಅಕ್ಕಪಕ್ಕದ ಶತ್ರುಗಳೂ ಗಾಯಗೊಳ್ಳುತ್ತಾರೆ. ವರ್ಷಾನುಗಟ್ಟಲೆ ಕುದುರೆ ಸವಾರರನ್ನು ನಂಬಿ ಗೆದ್ದವರು ಇಲ್ಲಿ ಮತ್ತೆ ಮೊದಲಿನಿಂದ ಯೋಚಿಸಬೇಕು. ಮರ ಕಡಿಯುವ, ಹೊಲ ಮಾಡುವ, ಯುಗದಿಂದ ಯುಗಕ್ಕೆ ಏರುವ ನಿಯಮಗಳು ಮಾತ್ರ ಹಾಗೆಯೇ ಇವೆ. ಇದನ್ನು ತೇಪೆ ಎನ್ನುವವರು ಒಮ್ಮೆ ಮಾಡಿ ತೋರಿಸಲಿ.

ನನಗೂ ಒಂದು ತಕರಾರಿದೆ. ಆ ಯೋಧರ ಮಾತು ತಮಿಳು, ಅವರ ಕಥೆ ರಾಜೇಂದ್ರ ಚೋಳನದು. ಹೊಯ್ಸಳರಿಗೂ ವಿಜಯನಗರಕ್ಕೂ ಪ್ರತ್ಯೇಕ ಜಾಗವಿಲ್ಲ. ಕನ್ನಡತಿಯಾಗಿ ಇದು ನನ್ನನ್ನು ಚುಚ್ಚುತ್ತದೆ. ಆದರೆ ಇದನ್ನು ಸರಿಪಡಿಸಲು ಇನ್ನೊಂದು ವಿಸ್ತರಣೆ ಸಾಕು, ಐದನೇ ಭಾಗ ಬೇಕಿಲ್ಲ.

ಬೇರೆಯದನ್ನೇ ಮಾಡಬೇಕಾದ ಸಂದರ್ಭವೂ ಉಂಟು. ಆಸ್ಟ್ರೇಲಿಯಾದ ಪುಟ್ಟ ತಂಡ ಟೀಮ್ ಚೆರ್ರಿ, ಕೀಟಗಳ ಲೋಕದಲ್ಲಿ ನೆಗೆಯುತ್ತಾ ಕಾದಾಡುವ ತನ್ನ 2017ರ ಹಾಲೋ ನೈಟ್ ಗೇಮಿಗೆ, ಹಾರ್ನೆಟ್ ಎಂಬ ಪಾತ್ರವನ್ನೂ ಆಟಗಾರರು ಆಡಿಸುವಂತೆ ಹೆಚ್ಚುವರಿಯಾಗಿ ಸೇರಿಸಲು ಹೊರಟಿತ್ತು. ಹಾರ್ನೆಟ್‌ಳ ನೆಗೆತವೂ ವೇಗವೂ ಬೇರೆ, ಅದಕ್ಕೆ ತಕ್ಕ ಲೋಕವೇ ಬೇಕಾಯಿತು. 2019ರಲ್ಲಿ ಸಿಲ್ಕ್‌ಸಾಂಗ್ ಎಂಬ ಪ್ರತ್ಯೇಕ ಗೇಮ್ ಎಂದು ಘೋಷಿಸಿದರು, ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಅಷ್ಟು ಕಾಲ ಹಿಡಿದರೂ ನಿರ್ಧಾರ ಸರಿಯೇ. ಹಾಲೋ ನೈಟ್ ಕೊಂಡವರು ಕಳೆದುಕೊಂಡದ್ದೂ ಏನಿಲ್ಲ, ಅದನ್ನು ಈಗಲೂ ಆಡಬಹುದು.

ನೀವು ಕೇಳಬೇಕಾದದ್ದು ಇದನ್ನು: ನಾನು ದುಡ್ಡು ಕೊಟ್ಟು ಕೊಂಡ ಗೇಮ್ ನಾಳೆಯೂ ತೆರೆಯುತ್ತದೆಯೇ? ಇದನ್ನು ಒಬ್ಬರೂ ಕೇಳುವುದಿಲ್ಲ. 2016ರಲ್ಲಿ ಓವರ್‌ವಾಚ್ ಕೊಂಡವರನ್ನು ವಿಚಾರಿಸಿ. ಅದು ಅಂತರ್ಜಾಲದಲ್ಲಿ ತಂಡ ಕಟ್ಟಿ ಕಾದಾಡುವ ಗೇಮ್, ಕಂಪನಿಯ ಸರ್ವರ್ ಇಲ್ಲದೆ ನಡೆಯದು. 2022ರ ಅಕ್ಟೋಬರಿನಲ್ಲಿ ಕಂಪನಿಯವರು ಆ ಸರ್ವರ್ ನಿಲ್ಲಿಸಿ ಓವರ್‌ವಾಚ್ 2 ತಂದರು. ತಂಡಕ್ಕೆ ಆರು ಜನರಿದ್ದಲ್ಲಿ ಐವರಾದರು. ಎರಡನೇ ಭಾಗಕ್ಕೆ ಮುಖ್ಯ ಕಾರಣವೆಂದು ತೋರಿಸಿದ್ದ, ಆಡುತ್ತಾ ಹೋದಂತೆ ಪಾತ್ರಗಳ ಶಕ್ತಿ ಬೆಳೆಯುವ ಹೀರೋ ಮೋಡ್ ಎಂಬ ಆಟದ ಬಗೆಯನ್ನು 2023ರ ಮೇ ತಿಂಗಳಲ್ಲಿ ಕೈಬಿಟ್ಟರು. ಹಳೆಯದೂ ಹೋಯಿತು, ಹೇಳಿದ ಹೊಸದೂ ಬರಲಿಲ್ಲ. 2024ರಲ್ಲಿ ಯೂಬಿಸಾಫ್ಟ್ ಕಂಪನಿ 'ದಿ ಕ್ರೂ' ಎಂಬ ಕಾರು ಓಟದ ಗೇಮನ್ನು ನಿಲ್ಲಿಸಿದಾಗ, ಒಬ್ಬರೇ ಆಡುತ್ತಿದ್ದವರಿಗೂ ಅದು ತೆರೆಯದಾಯಿತು. ಅದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಯುರೋಪಿನ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನಾನೂ ತಯಾರಕರ ಸಾಲಿನಲ್ಲೇ ಇರುವವಳು, ಆದರೂ ನಾನು ಆ ಸಹಿ ಹಾಕಿದವರ ಕಡೆ.

ಆದ್ದರಿಂದ ಭಾಗ 2 ಘೋಷಣೆಯಾದ ದಿನವೇ, ಮೊದಲನೆಯದರ ಸರ್ವರ್ ಎಲ್ಲಿಯವರೆಗೆ ಇರುತ್ತದೆ, ಆಮೇಲೆ ಅಂತರ್ಜಾಲವಿಲ್ಲದೆ ಆಡಬಹುದೇ ಎಂದು ಕಂಪನಿಯನ್ನು ಕೇಳಿ. ಸ್ಪಷ್ಟ ಉತ್ತರ ಬರುವವರೆಗೆ ಮುಂಗಡ ಕಟ್ಟಬೇಡಿ.