ಏರಿಯಾನ್: ಹಳೆ ಭಾಗ ಉಳಿಸಿಕೊಂಡಾಗ ಆದದ್ದು

ಯುರೋಪಿನ ಏರಿಯಾನ್ 1ರಿಂದ 4ರವರೆಗೆ ಹೆಸರು ನಾಲ್ಕು, ಬಿಚ್ಚಿ ನೋಡಿದರೆ ರಾಕೆಟ್ ಒಂದೇ. ಮೊದಲ ಹಂತಕ್ಕೆ ನಾಲ್ಕು ವೈಕಿಂಗ್ ಎಂಜಿನ್, ಎರಡನೆಯದಕ್ಕೆ ಇನ್ನೊಂದು, ಮೇಲೆ ದ್ರವ ಹೈಡ್ರೋಜನ್ ಉರಿಸುವ ಎಚ್‌ಎಂ7 ಎಂಜಿನ್. ಟ್ಯಾಂಕ್ ಉದ್ದ ಮಾಡಿದರು, ಪಕ್ಕಕ್ಕೆ ಬೂಸ್ಟರ್ ಕಟ್ಟಿದರು, ಅಷ್ಟೇ. 1979ರ ಡಿಸೆಂಬರ್ 24ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ ಮೊದಲನೆಯದು ಭೂಸ್ಥಿರ ವರ್ಗಾವಣೆ ಕಕ್ಷೆಗೆ (ಭೂಸ್ಥಿರ ಕಕ್ಷೆ ಸೇರುವ ಮೊದಲು ಉಪಗ್ರಹವನ್ನು ಬಿಡುವ ನಡುವಿನ ಕಕ್ಷೆ) ಸುಮಾರು 1,850 ಕೆ.ಜಿ. ಹೊರಬಲ್ಲದಾಗಿತ್ತು. ಏರಿಯಾನ್ 4ರ 44ಎಲ್ ಮಾದರಿ ನಾಲ್ಕು ಟನ್ ದಾಟಿಸಿತು.

ಎರಡನೇ ಹಾರಾಟದಲ್ಲೇ (1980ರ ಮೇ) ಒಂದು ವೈಕಿಂಗ್‌ನ ದಹನ ಕೋಣೆಯಲ್ಲಿ ಒತ್ತಡ ಅಲೆಅಲೆಯಾಗಿ ಎದ್ದು ರಾಕೆಟ್ ಹೋಯಿತು. ಮದ್ದು ಎರಡು: ಇಂಜೆಕ್ಟರ್ ರಂಧ್ರಗಳನ್ನು ತಿದ್ದಿದರು, ಬರೀ ಯುಡಿಎಂಎಚ್ ಎಂಬ ಇಂಧನ ಬಿಟ್ಟು, ಅದಕ್ಕೆ ಶೇ. 25 ಹೈಡ್ರಜೀನ್ ಹೈಡ್ರೇಟ್ ಬೆರೆಸಿದ ಯುಎಚ್25 ತುಂಬಿದರು. (ನಮ್ಮ ಪಿಎಸ್‌ಎಲ್‌ವಿಯ ವಿಕಾಸ್ ಎಂಜಿನ್ ಇದೇ ವೈಕಿಂಗ್ ವಂಶದ್ದು, ಕುಡಿಯುವುದೂ ಯುಎಚ್25 ಅನ್ನೇ.) 1990ರ ಫೆಬ್ರವರಿಯಲ್ಲಿ ಒಂದು ಏರಿಯಾನ್ 4 ಬಿದ್ದದ್ದಕ್ಕೆ ಕಾರಣ ಇನ್ನೂ ಸಣ್ಣದು. ಎಂಜಿನ್‌ಗೆ ನೀರು ಹೋಗುವ ಕೊಳವೆಯಲ್ಲಿ ಒಂದು ಬಟ್ಟೆ ತುಂಡು ಉಳಿದುಹೋಗಿತ್ತು.

ಏರಿಯಾನ್ 5 ಹೊಸ ವಿನ್ಯಾಸ. ದಿಕ್ಕು, ವೇಗ ಅಳೆಯುವ ಜಡತ್ವ ಘಟಕದ ಸಾಫ್ಟ್‌ವೇರ್ ಮಾತ್ರ 4ರದ್ದೇ. ಅದರಲ್ಲಿ ನೆಲದ ಮೇಲೆ ಘಟಕವನ್ನು ಹೊಂದಿಸುವ ಒಂದು ಕೆಲಸ, ಮೇಲೆದ್ದ ಮೇಲೂ ಸುಮಾರು 40 ಸೆಕೆಂಡು ನಡೆಯುತ್ತಲೇ ಇರುತ್ತಿತ್ತು. ಕೊನೇ ಗಳಿಗೆಯಲ್ಲಿ ಕೌಂಟ್‌ಡೌನ್ ನಿಂತರೆ ಮುಕ್ಕಾಲು ಗಂಟೆ ಮತ್ತೆ ಹೊಂದಿಸುತ್ತ ಕೂರಬಾರದೆಂದು ಹಿಂದೆ ಮಾಡಿಕೊಂಡ ಅನುಕೂಲ ಅದು. 5ಕ್ಕೆ ಬೇಕೇ ಇರಲಿಲ್ಲ. 5ರ ಅಡ್ಡ ವೇಗ 4ರದ್ದಕ್ಕಿಂತ ಸುಮಾರು ಐದು ಪಟ್ಟು ಬೇಗ ಏರುತ್ತದೆ. 64 ಬಿಟ್‌ನಲ್ಲಿದ್ದ ಆ ವೇಗದ ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ, 16 ಬಿಟ್‌ನಲ್ಲಿ ಹಿಡಿಯುವ 32,767ರ ಮಿತಿ ದಾಟಿ ಘಟಕ ನಿಂತಿತು. ಇಂಥ ಏಳು ಚರಗಳಲ್ಲಿ ನಾಲ್ಕಕ್ಕೆ, ಮಿತಿ ಮೀರಿದರೂ ಘಟಕ ನಿಲ್ಲದಂತೆ ತಡೆ ಹಾಕಿದ್ದರು, ಪ್ರೊಸೆಸರ್ ಹೊರೆ ಶೇ. 80 ಮೀರದಿರಲೆಂದು ಮೂರನ್ನು ಬಿಟ್ಟಿದ್ದರು. ಕೈಕೊಟ್ಟದ್ದು ಆ ಮೂರರಲ್ಲೊಂದು. ಬದಲಿ ಘಟಕದಲ್ಲೂ ಅದೇ ಕೋಡ್ ಇದ್ದುದರಿಂದ, ಅದು 72 ಮಿಲಿಸೆಕೆಂಡು ಮೊದಲೇ ನಿಂತಿತ್ತು! ಘಟಕ ಕಳಿಸಿದ ದೋಷ ಸಂದೇಶವನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಅಳತೆ ಎಂದುಕೊಂಡು ನಾಝಲ್‌ಗಳನ್ನು ಪೂರ್ತಿ ತಿರುಗಿಸಿತು. 1996ರ ಜೂನ್ 4ರಂದು, ಹೊರಟ 40 ಸೆಕೆಂಡಿನೊಳಗೆ ರಾಕೆಟ್ ಚೂರಾಯಿತು. ಭೂಮಿಯ ಕಾಂತಕ್ಷೇತ್ರದ ಅಧ್ಯಯನಕ್ಕೆ ಹೊರಟಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು.

ಬದಲಿ ಘಟಕ ಇದ್ದೂ ಇಲ್ಲದಂತಾಯಿತಲ್ಲ, ನನಗೆ ಅದೇ ದೊಡ್ಡ ತಪ್ಪು. ಯಂತ್ರ ಕೆಟ್ಟರೆ ಎರಡನೆಯದು ಕಾಯುತ್ತದೆ, ಲೆಕ್ಕವೇ ತಪ್ಪಿದರೆ ಎರಡೂ ಒಟ್ಟಿಗೇ ತಪ್ಪುತ್ತವೆ. ಏರಿಯಾನ್ 5ರ ನಿಜವಾದ ಹಾರುಹಾದಿಯ ಅಂಕಿಗಳನ್ನು ಕೊಟ್ಟು ಘಟಕವನ್ನು ನೆಲದ ಮೇಲೆ ಒಮ್ಮೆ ಓಡಿಸಿದ್ದರೂ ಸಿಕ್ಕಿಬೀಳುತ್ತಿತ್ತು.

ಹೊಸ ಭಾಗವೂ ಹೀಗೇ ಕೈಕೊಟ್ಟದ್ದುಂಟು. 2002ರ ಡಿಸೆಂಬರ್‌ನಲ್ಲಿ ಏರಿಯಾನ್ 5ರದೇ ಹೆಚ್ಚು ಶಕ್ತಿಯ ಇಸಿಎ ಮಾದರಿಯ ಮೊದಲ ಹಾರಾಟ. ವಲ್ಕೇನ್ 2 ಎಂಜಿನ್ ನಾಝಲ್‌ನ ತಂಪು ಕೊಳವೆಗಳು ಸೋರಿ, ಬಿಸಿಯೇರಿದ ಗೋಡೆ ಸೊಟ್ಟಗಾಯಿತು. ಆ ಎತ್ತರದ ನಿರ್ವಾತದಲ್ಲಿ ನಾಝಲ್ ಮೇಲೆ ಬೀಳುವ ಹೊರೆಯನ್ನು ನೆಲದ ಪರೀಕ್ಷೆ ಸರಿಯಾಗಿ ತೋರಿಸಿರಲಿಲ್ಲ. ನಾಝಲ್ ಬಲಪಡಿಸಿ ಇಸಿಎ ಮತ್ತೆ ಹಾರಿದ್ದು 2005ರ ಫೆಬ್ರವರಿಯಲ್ಲಿ. ಈಗಿನ ಏರಿಯಾನ್ 6ರ ಬುಡದಲ್ಲಿ ಉರಿಯುವುದು ಅದರದೇ ಮುಂದಿನ ರೂಪ, ವಲ್ಕೇನ್ 2.1.